ಉದ್ಯಮದೊಳಗೊಂದು ಹರಟೆಕಟ್ಟೆ

ಮಾರಿಕುಪ್ಪಂನಿಂದ ನಸುಕಿನಲ್ಲಿ ಹೊರಡುವ ರೈಲು ಬಂಗಾರಪೇಟೆಯನ್ನು ಸೇರುವ ಹೊತ್ತಿಗೆ ಕುಳಿತುಕೊಳ್ಳಲು ಸ್ಥಳವಿರುವುದಿಲ್ಲ. ಚಾಂಪಿಯನ್, ಊರಿಗಾಂ, ಕೋರಮಂಡಲ ಎಂಬ, ಚಿನ್ನದ ಗಣಿಯ ಕಾಲವನ್ನು ಹೆಸರಿನಲ್ಲಿ ಉಳಿಸಿಕೊಂಡಿರುವ ಚಿಕ್ಕ ಚಿಕ್ಕ ನಿಲ್ದಾಣಗಳಲ್ಲಿ ಹತ್ತಿದವರು ಕಿಟಕಿಯ ಪಕ್ಕದ ಜಾಗಗಳನ್ನೆಲ್ಲ ಹಿಡಿದು ಕುಳಿತಿರುತ್ತಾರೆ. ಬಂಗಾರಪೇಟೆಯಿಂದ ಬೆಂಗಳೂರಿಗೆ ಮೂವತ್ತಾರು ವರ್ಷ ಹೀಗೆ ಹೋಗಿಬಂದವನು ನಾನು. 1982ರಲ್ಲಿ ನಾನು ಈ ಪ್ರಯಾಣವನ್ನು ಆರಂಭಿಸಿದಾಗ ಆ ಗಾಡಿ ಚಲಿಸುವ ಹರಟೆಕಟ್ಟೆಯಂತಿತ್ತು. ಒಂದು ಡಬ್ಬಿಯಲ್ಲಿ ಇಸ್ಪೀಟು, ಇನ್ನೊಂದರಲ್ಲಿ ಭಜನೆ, ಮತ್ತೊಂದರಲ್ಲಿ ಕಾರ್ಖಾನೆಯ ರಾಜಕೀಯ. ಕನ್ನಡ, ತಮಿಳು, ತೆಲುಗು ಮೂರೂ ಒಂದೇ ವಾಕ್ಯದಲ್ಲಿ ಕೈಹಿಡಿದು ನಡೆಯುತ್ತಿದ್ದವು.

ಒಂದು ಸಂಗತಿ ನನಗೆ ಚೆನ್ನಾಗಿ ನೆನಪಿದೆ. ನಾನು ಸೇರಿದ ಮೊದಲ ವರ್ಷದಲ್ಲೇ ನಮ್ಮ ಕಾರ್ಖಾನೆಯ ಪ್ರೆಸ್ಸು ಯಂತ್ರವೊಂದು ಕೆಟ್ಟು ಮೂರು ದಿನ ನಿಂತಿತ್ತು. ಎಣ್ಣೆ ಸೋರುತ್ತಿತ್ತು, ಕಾರಣ ಯಾರಿಗೂ ಹೊಳೆಯಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಟೇಕಲ್ ಮತ್ತು ಮಾಲೂರಿನ ನಡುವೆ ಎಲ್ಲೋ, ಎದುರು ಕುಳಿತಿದ್ದ ಹಿರಿಯರೊಬ್ಬರು ನನ್ನ ಗೋಳನ್ನು ಕೇಳಿ, "ಹಿಂದಿನ ಮಳೆಗಾಲ ನಮ್ಮ ಷೆಡ್ಡಿನಲ್ಲೂ ಹೀಗೇ ಆಗಿತ್ತಪ್ಪ. ಸೀಲು ಬದಲಾಯಿಸಿದರೆ ಸಾಲದು, ಅದು ಕೂರುವ ಜಾಗವೇ ಸವೆದಿರುತ್ತದೆ, ನೋಡು" ಎಂದರು. ಅಂದು ಸಂಜೆಯ ಹೊತ್ತಿಗೆ ಯಂತ್ರ ಓಡಿತು. ಆಶ್ಚರ್ಯವೆಂದರೆ ಆ ಹಿರಿಯರು ಬೇರೆ ಯಾವುದೋ ಕಾರ್ಖಾನೆಯವರಲ್ಲ. ನಮ್ಮದೇ ಕಾರ್ಖಾನೆಯವರು, ನಮ್ಮ ಷೆಡ್ಡಿನಿಂದ ಇನ್ನೂರು ಗಜ ದೂರದ ಇನ್ನೊಂದು ಷೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದವರು. ಇನ್ನೂರು ಗಜ ದಾಟಲಾರದ ಒಂದು ಮಾತು ಎಪ್ಪತ್ತು ಕಿಲೋಮೀಟರಿನ ರೈಲು ಹಾದಿಯನ್ನು ಸುತ್ತಿಕೊಂಡು ನನ್ನನ್ನು ತಲುಪಿತ್ತು.

ಇತ್ತೀಚೆಗೆ ಕಣ್ಣಿನ ಚಿಕಿತ್ಸೆಗೆಂದು ಅದೇ ಗಾಡಿಯಲ್ಲಿ ಬೆಂಗಳೂರಿಗೆ ಹೋದೆ. ಡಬ್ಬಿಯಲ್ಲಿ ಜನ ಹಿಂದಿಗಿಂತ ಹೆಚ್ಚು. ಸದ್ದು ಮಾತ್ರ ಕಡಮೆ. ಎಲ್ಲರ ಕತ್ತೂ ಬಾಗಿತ್ತು. ಪಕ್ಕದಲ್ಲಿದ್ದ ಹುಡುಗಿ, ಊರಿಗಾಂನವಳಂತೆ, ಬಂಗಾರಪೇಟೆಯಿಂದಲೂ ಕೈಯಲ್ಲಿನ ಫೋನಿನಲ್ಲಿ ಬರೆಯುತ್ತಲೇ ಇದ್ದಳು. "ಇಷ್ಟು ಬೆಳಿಗ್ಗೆ ಏನಮ್ಮ ಅಷ್ಟೊಂದು ಅವಸರ?" ಎಂದೆ. "ಆಫೀಸು ಆಗಲೇ ಶುರುವಾಗಿದೆ ಅಂಕಲ್, ನಮ್ಮ ಟೀಮಿನ ಗ್ರೂಪು" ಎಂದಳು. ನಾನು ಈ ಹೊತ್ತು ಮಾತನಾಡಬೇಕೆಂದಿರುವುದು ಆ 'ಗ್ರೂಪಿ'ನ ವಿಷಯವನ್ನೇ. ಬಂಧುಮಿತ್ರರು ಕುಶಲ ವಿಚಾರಿಸಿಕೊಳ್ಳಲು ಬಳಸುವಂಥ ಸಾಮಾಜಿಕ ಜಾಲಗಳು ಈಗ ಉದ್ಯಮಗಳ ಒಳಗೂ ಬಂದು ನೆಲೆಸಿವೆ. ಅವು ಬಂದದ್ದರಿಂದ ಆದ ಲಾಭವೇನು, ಆಗಬಹುದಾದ ಹಾನಿಯೇನು, ಅವನ್ನು ಬರಮಾಡಿಕೊಳ್ಳುವ ರೀತಿ ಯಾವುದು ಎಂಬುದನ್ನು ಸ್ವಲ್ಪ ವಿಚಾರಿಸಬೇಕಾಗಿದೆ.

ಮೊದಲಿಗೆ, ಇದು ಏನು? ಕಚೇರಿಯಲ್ಲಿ ಹಿಂದಿನಿಂದ ನಡೆದುಬಂದಿರುವುದು ಪತ್ರವ್ಯವಹಾರ. ಪತ್ರಕ್ಕೆ ಕಳಿಸುವವನೊಬ್ಬ, ಪಡೆಯುವವನೊಬ್ಬ. ಮಿಂಚಂಚೆ ಬಂದಾಗಲೂ ಈ ಸ್ವಭಾವ ಬದಲಾಗಲಿಲ್ಲ. ಕಾಗದದ ಬದಲು ಪರದೆ ಬಂತು, ಅಷ್ಟೆ. ಸಾಮಾಜಿಕ ತಂತ್ರಾಂಶದ ಸ್ವಭಾವ ಬೇರೆ. ಅದು ಪತ್ರವಲ್ಲ, ಊರಮುಂದಿನ ಕಟ್ಟೆ. ಒಬ್ಬ ಕೇಳಿದ ಪ್ರಶ್ನೆ ಹಲವರಿಗೆ ಕಾಣುತ್ತದೆ. ಉತ್ತರ ಬಲ್ಲವನು ಯಾರೆಂದು ಕೇಳುವವನಿಗೆ ತಿಳಿದಿರಬೇಕಾಗಿಲ್ಲ. ಕೊಟ್ಟ ಉತ್ತರ ಅಲ್ಲಿಯೇ ಉಳಿದು ಆರು ತಿಂಗಳ ಮೇಲೆ ಬಂದವನಿಗೂ ದೊರೆಯುತ್ತದೆ. 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಎಂಬ ಅಮೆರಿಕದ ತಂತ್ರಜ್ಞರು, ಯಾರು ಬೇಕಾದರೂ ಬರೆದು ತಿದ್ದಬಹುದಾದ 'ವಿಕಿ' ಪುಟಗಳನ್ನು ನಿರ್ಮಿಸಿದರು; ಹವಾಯಿ ಭಾಷೆಯಲ್ಲಿ ಆ ಪದಕ್ಕೆ 'ಬೇಗ' ಎಂದರ್ಥ. ಇಂಥ ಸಾಧನಗಳು ವ್ಯಾಪಾರ ಸಂಸ್ಥೆಗಳೊಳಗೆ ಕಾಲಿಟ್ಟುದನ್ನು ಗುರುತಿಸಿ 2006ರಲ್ಲಿ ಆಂಡ್ರೂ ಮೆಕಫಿ ಎಂಬ ಪ್ರಾಧ್ಯಾಪಕರು ಅದಕ್ಕೊಂದು ಹೆಸರಿಟ್ಟು ಲೇಖನ ಬರೆದರು. ಮುಂದೆ 2008ರಲ್ಲಿ ಯಾಮರ್, 2014ರ ಹೊತ್ತಿಗೆ ಸ್ಲ್ಯಾಕ್, 2017ರಲ್ಲಿ ಮೈಕ್ರೋಸಾಫ್ಟ್ ಟೀಮ್ಸ್ ಬಂದವು. 2020ರ ಮಹಾಮಾರಿಯ ಕಾಲದಲ್ಲಿ ಕಚೇರಿಗಳು ಬಾಗಿಲು ಮುಚ್ಚಿದಾಗ ಎಷ್ಟೋ ಸಂಸ್ಥೆಗಳಿಗೆ ಇವೇ ಕಚೇರಿಗಳಾದವು. ಇವಾವುದನ್ನೂ ಕೊಳ್ಳದ ಚಿಕ್ಕ ಅಂಗಡಿ, ವರ್ಕ್‌ಷಾಪುಗಳಲ್ಲಿ ವಾಟ್ಸಾಪ್ ಗುಂಪೇ ಆ ಕೆಲಸವನ್ನು ಮಾಡುತ್ತಿದೆ.

ಆದರೆ ತಂತ್ರಾಂಶ ಬರುವುದಕ್ಕೆ ಮೊದಲೇ ಪ್ರತಿಯೊಂದು ಉದ್ಯಮದಲ್ಲಿಯೂ ಇಂಥ ಒಂದು ಜಾಲ ಇದ್ದೇ ಇರುತ್ತದೆ ಎಂಬುದನ್ನು ನಾವು ಮರೆಯಬಾರದು. ಕಂಪನಿಯ ಗೋಡೆಯ ಮೇಲೆ ತೂಗುಹಾಕಿದ ಅಧಿಕಾರವೃಕ್ಷದ ಚಿತ್ರವೊಂದು. ಮಾತು ನಿಜವಾಗಿ ಹರಿಯುವ ದಾರಿಯ ಚಿತ್ರ ಇನ್ನೊಂದು. ಎರಡೂ ಒಂದರ ಮೇಲೊಂದು ಕೂರುವುದು ಅಪರೂಪ. ಜೂಲಿಯನ್ ಆರ್ ಎಂಬ ಮಾನವಶಾಸ್ತ್ರಜ್ಞರು ಜೆರಾಕ್ಸ್ ಯಂತ್ರಗಳನ್ನು ದುರಸ್ತಿ ಮಾಡುವ ಕೆಲಸಗಾರರೊಡನೆ ಓಡಾಡಿ, ಅವರು ಕೆಲಸ ಕಲಿಯುವ ಬಗೆಯನ್ನು ಅಭ್ಯಾಸ ಮಾಡಿದರು. 1996ರಲ್ಲಿ ಆ ಕುರಿತು ಅವರ ಪುಸ್ತಕ ಬಂತು. ಕಂಪನಿ ಕೊಟ್ಟ ಕೈಪಿಡಿ ಆ ಕೆಲಸಗಾರರ ಚೀಲದಲ್ಲೇ ಇತ್ತು. ಆದರೆ ಹಟಮಾರಿ ಯಂತ್ರವೊಂದು ಎದುರಾದಾಗ ಅವರಿಗೆ ಒದಗುತ್ತಿದ್ದುದು, ತಿಂಡಿ ತಿನ್ನುತ್ತ ಒಬ್ಬರಿಗೊಬ್ಬರು ಹೇಳಿಕೊಂಡ ಕಥೆಗಳು. "ನನಗೊಮ್ಮೆ ಹೀಗಾಯಿತು" ಎಂದು ಆರಂಭವಾಗುವ ಮಾತೇ ಅವರ ಪಾಠಶಾಲೆಯಾಗಿತ್ತು. ಇದನ್ನು ಓದಿದಾಗ ನನಗೆ ಟೇಕಲ್ ಮತ್ತು ಮಾಲೂರಿನ ನಡುವೆ ಸಿಕ್ಕಿದ ಆ ಹಿರಿಯರು ನೆನಪಾದರು.

ಇಂಥ ಮಾತುಗಳು ಕೂಡಿದಾಗ ಒಬ್ಬೊಬ್ಬರಿಗೂ ತಿಳಿಯದ ಸಂಗತಿ ಹೇಗೆ ತಿಳಿಯುತ್ತದೆಂಬುದಕ್ಕೆ ನಮ್ಮ ಕೋಲಾರ ಚಿನ್ನದ ಗಣಿಯೇ ಒಳ್ಳೆಯ ದೃಷ್ಟಾಂತವನ್ನು ಒದಗಿಸುತ್ತದೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯ ಮೇಲಿನ ಒತ್ತಡ ವಿಪರೀತ. ಅಗೆದು ಬರಿದಾದ ಜಾಗದ ಸುತ್ತಲಿನ ಕಲ್ಲು ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. ಶಿಲಾಸ್ಫೋಟ ಎಂದು ಇದನ್ನು ಕರೆಯಬಹುದು. ಊರಿನಲ್ಲಿ ಎಲ್ಲರ ಬಾಯಲ್ಲೂ ಇದ್ದ ಪದ 'ರಾಕ್ ಬರ್ಸ್ಟ್'. ಮೇಲೆ ಮನೆಗಳಲ್ಲಿ ಪಾತ್ರೆಗಳು ಗಲಗಲ ಎಂದರೆ ಸಾಕು, ಹೆಂಗಸರು ಒಲೆಯ ಮೇಲಿದ್ದುದನ್ನು ಹಾಗೇ ಬಿಟ್ಟು ಶಾಫ್ಟಿನ ಕಡೆಗೆ ಓಡುತ್ತಿದ್ದರು. ಈ ಕಂಪನಗಳನ್ನು ದಾಖಲಿಸಲು 1912ರಲ್ಲಿಯೇ ಅಲ್ಲಿ ಭೂಕಂಪಮಾಪಕವನ್ನು ಸ್ಥಾಪಿಸಿದ್ದರು. ಆದರೆ ಒಂದೇ ಮಾಪಕ ಹೇಳಬಲ್ಲುದು ಎಷ್ಟು? ಸ್ಫೋಟವಾಯಿತು ಎಂಬುದನ್ನು ಹೇಳೀತು. ಎಲ್ಲಿ ಆಯಿತೆಂದು ಕರಾರುವಾಕ್ಕಾಗಿ ಹೇಳಲಾರದು. 1970ರ ದಶಕದ ಕೊನೆಯಲ್ಲಿ ನೆಲದ ಮೇಲೂ ನೆಲದೊಳಗೂ ಅಲ್ಲಲ್ಲಿ ಜಿಯೋಫೋನುಗಳನ್ನು, ಎಂದರೆ ನೆಲದ ಸದ್ದನ್ನು ಆಲಿಸುವ ಕಿವಿಗಳನ್ನು ಇರಿಸಿ, ಅವನ್ನೆಲ್ಲ ಒಂದು ಜಾಲವಾಗಿ ಕೂಡಿಸಿದರು. ಒಂದೇ ಸದ್ದು ಒಂದು ಕಿವಿಗೆ ಮೊದಲು, ಇನ್ನೊಂದಕ್ಕೆ ಕ್ಷಣದ ಒಂದು ಭಾಗದಷ್ಟು ತಡವಾಗಿ ಮುಟ್ಟುತ್ತದೆ. ಆ ವ್ಯತ್ಯಾಸಗಳನ್ನು ಜೋಡಿಸಿದರೆ ಕಲ್ಲು ಸಿಡಿದ ಸ್ಥಳ ಗೊತ್ತಾಗುತ್ತದೆ. ಯಾವ ಒಂದು ಕಿವಿಯೂ ಆ ಸ್ಥಳವನ್ನು ಅರಿಯದು. ಎಲ್ಲ ಕಿವಿಗಳು ಕೂಡಿದಾಗ ಅದು ತಿಳಿಯುತ್ತದೆ.

ಉದ್ಯಮದೊಳಗಿನ ಸಾಮಾಜಿಕ ಜಾಲದ ಸಾರ್ಥಕತೆ ಇರುವುದು ಇದರಲ್ಲಿಯೇ. ಮಾರಾಟಗಾರನಿಗೆ ಗಿರಾಕಿಯ ಅಸಮಾಧಾನದ ಒಂದು ತುಣುಕು ಗೊತ್ತು. ಉಗ್ರಾಣದವನಿಗೆ ಹಿಂದಿರುಗಿ ಬಂದ ಸರಕಿನ ಒಂದು ತುಣುಕು. ಯಂತ್ರದ ಮುಂದೆ ನಿಂತವನಿಗೆ ಅದರ ನಡುಕದ ಒಂದು ತುಣುಕು. ಮೂರೂ ಒಂದೆಡೆ ಸೇರಿದರೆ ದೋಷ ಎಲ್ಲಿದೆಯೆಂದು ಕಾಣುತ್ತದೆ. ಸೇರದಿದ್ದರೆ ಮೂವರೂ ತಮ್ಮ ತಮ್ಮ ಮೂಲೆಯಲ್ಲಿ ಗೊಣಗಿಕೊಂಡು ಮನೆಗೆ ಹೋಗುತ್ತಾರೆ.

ಹಾಗಾದರೆ ಜನ ತಮಗೆ ಗೊತ್ತಿರುವುದನ್ನು ಹೇಳುವಂತೆ ಮಾಡುವುದು ಹೇಗೆ? ಹಣ ಕೊಟ್ಟರೆ ಆದೀತೇ? ನಮ್ಮ ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯ ಅನುಭವ ಇಲ್ಲಿ ತುಂಬ ಬೋಧಪ್ರದವಾಗಿದೆ. ಈ ಶತಮಾನದ ಆರಂಭದಲ್ಲಿ ಆ ಸಂಸ್ಥೆ ತನ್ನ ನೌಕರರ ಅನುಭವಜ್ಞಾನವನ್ನು ಒಂದೆಡೆ ಸಂಗ್ರಹಿಸಲು 'ಕೆ-ಷಾಪ್' ಎಂಬ ಒಳಜಾಲವನ್ನು ನಡೆಸುತ್ತಿತ್ತು. ಬರೆಯುವವರು ಸಾಲದೆ ಬಂದಾಗ 'ನಾಲೆಜ್ ಕರೆನ್ಸಿ ಯೂನಿಟ್' ಎಂಬ ಒಂದು ಬಗೆಯ ಜ್ಞಾನನಾಣ್ಯವನ್ನು ಚಲಾವಣೆಗೆ ತಂದರು. ಬರೆದವರಿಗೂ ಪರಿಶೀಲಿಸಿದವರಿಗೂ ಅಂಕಗಳು, ಅಂಕಗಳಿಗೆ ಪ್ರತಿಫಲ. ಆದದ್ದೇನು? ಬರಹಗಳು ಪ್ರವಾಹದಂತೆ ಬಂದವು. ಪರಿಶೀಲಿಸಬೇಕಾದ ತಜ್ಞರು ತಮ್ಮ ನಿತ್ಯದ ಕೆಲಸದ ನಡುವೆ ಈ ಭಾರವನ್ನು ಹೊರಲಾರದೆ ಬಳಲಿದರು. ಸಹೋದ್ಯೋಗಿಗಳು ಕೊಟ್ಟ ಅಂಕಗಳು ಬರಹದ ಯೋಗ್ಯತೆಗೋ ಸ್ನೇಹಕ್ಕೋ ಎಂಬ ಸಂಶಯ ಹುಟ್ಟಿತು. ಸಂಸ್ಥೆ ಇದನ್ನು ಮುಚ್ಚಿಡಲಿಲ್ಲ ಎಂಬುದನ್ನು ಮೆಚ್ಚಿ ಹೇಳಬೇಕು. ನಿಯಮಗಳನ್ನು ತಿದ್ದಿತು, ಬರಹ ನಿಜವಾಗಿ ಯಾರಿಗೆ ಉಪಯೋಗವಾಯಿತು ಎಂಬುದಕ್ಕೆ ಹೆಚ್ಚು ಬೆಲೆ ಕೊಟ್ಟಿತು. ಗರುಡ್ ಮತ್ತು ಕುಮಾರಸ್ವಾಮಿ ಎಂಬ ಇಬ್ಬರು ವಿದ್ವಾಂಸರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರ ವಿವರಗಳಿವೆ.

ಇದರ ಪಕ್ಕದಲ್ಲಿ ಮತ್ತೆ ಆ ಜೆರಾಕ್ಸ್ ಕೆಲಸಗಾರರನ್ನು ಇಟ್ಟು ನೋಡಬಹುದು. 1990ರ ದಶಕದಲ್ಲಿ ಆ ಕಂಪನಿ 'ಯುರೇಕಾ' ಎಂಬ ವ್ಯವಸ್ಥೆಯನ್ನು ತಂದು, ದುರಸ್ತಿಯ ಉಪಾಯಗಳನ್ನು ಕೆಲಸಗಾರರೇ ಬರೆದಿಡುವಂತೆ ಮಾಡಿತು. ಅಲ್ಲಿ ನಡೆಸಿದ್ದು ಹಣದ ಆಸೆಯಲ್ಲ. ಉಪಾಯವನ್ನು ಅದೇ ಕಸುಬಿನವರು ಪರೀಕ್ಷಿಸಿ ಒಪ್ಪುತ್ತಿದ್ದರು. ಒಪ್ಪಿದ ಉಪಾಯದ ಕೆಳಗೆ ಕಂಡುಹಿಡಿದವನ ಹೆಸರು ಇರುತ್ತಿತ್ತು. ತನ್ನ ಹೆಸರು ತನ್ನಂಥ ಕಸುಬುಗಾರರ ಬಾಯಲ್ಲಿ ಬರುವುದಕ್ಕಿಂತ ದೊಡ್ಡ ಬಹುಮಾನ ಕಸುಬುಗಾರನಿಗೆ ಯಾವುದಿದೆ? ಹಳ್ಳಿಯ ಬಡಗಿಗೂ ಇದು ಗೊತ್ತು, ಹಾರ್ಮೋನಿಯಂ ರಿಪೇರಿ ಮಾಡುವವನಿಗೂ ಗೊತ್ತು.

ಇಷ್ಟು ಜಾಲದ ಒಂದು ಮುಖ. ಇನ್ನೊಂದು ಮುಖವೂ ಉಂಟು. ಕಟ್ಟೆಯ ಮೇಲೆ ಆಡಿದ ಮಾತು ಗಾಳಿಗೆ ಹೋಗುತ್ತದೆ; ಕಂಪನಿಯ ಜಾಲದಲ್ಲಿ ಆಡಿದ ಮಾತು ಕಂಪನಿಯ ಕಡತಕ್ಕೆ ಹೋಗುತ್ತದೆ. ಯಾರು ಎಷ್ಟು ಹೊತ್ತಿಗೆ ಬಂದರು, ಯಾರೊಡನೆ ಮಾತಾಡಿದರು, ಏನು ಗೊಣಗಿದರು ಎಲ್ಲವೂ ದಾಖಲೆ. ಎಂದರೆ ಇದು ಹರಟೆಕಟ್ಟೆಯೂ ಹೌದು, ಹಾಜರಿಪುಸ್ತಕವೂ ಹೌದು. ಕೆಲಸಗಾರನ ಮನಸ್ಸಿನಲ್ಲಿ ಎರಡನೆಯದರ ಭಯ ಹೊಕ್ಕರೆ ಮೊದಲನೆಯದು ಸತ್ತಂತೆಯೇ.

ಈ ಭಯ ಹೊಸದಲ್ಲ. 1930ರ ಏಪ್ರಿಲ್ ತಿಂಗಳಲ್ಲಿ ಕೋಲಾರದ ಗಣಿಗಳ ಆಡಳಿತವು ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸುವ ಕ್ರಮವನ್ನು ಜಾರಿಗೆ ತರಲು ಹೊರಟಿತು. ಆಡಳಿತದ ದೃಷ್ಟಿಯಲ್ಲಿ ಅದು ಲೆಕ್ಕಪತ್ರವನ್ನು ಸರಿಪಡಿಸುವ ಉಪಾಯ. ಕಾರ್ಮಿಕರ ದೃಷ್ಟಿಯಲ್ಲಿ ಅದು ಕೊರಳಿಗೆ ಬೀಳುವ ಹಗ್ಗ. ಸಾವಿರಾರು ಜನ ಕೆಲಸ ಬಿಟ್ಟು ಹೊರಗೆ ನಿಂತರು. ಮುಷ್ಕರ ಸುಮಾರು ಮೂರು ವಾರ ನಡೆಯಿತು. ಅವರಿಗೆ ಆಗ ಕಾರ್ಮಿಕ ಸಂಘವಿರಲಿಲ್ಲ. ಆದರೂ ಗಣಿಯಿಂದ ಗಣಿಗೆ, ಲೈನಿನಿಂದ ಲೈನಿಗೆ ಸುದ್ದಿ ಹರಿದಿತ್ತು. ಇತಿಹಾಸಕಾರರಾದ ಜಾನಕಿ ನಾಯರ್ ಅವರು ಈ ಮುಷ್ಕರವನ್ನು ಕುರಿತು ವಿಸ್ತಾರವಾಗಿ ಬರೆದಿದ್ದಾರೆ. ನನಗೆ ಇದರಲ್ಲಿ ಕಾಣುವ ಪಾಠ ಇಷ್ಟು: ಮೇಲಿನಿಂದ ಕೆಳಕ್ಕೆ ಆಜ್ಞೆ ಇಳಿಯಲು ದಾರಿಯಿತ್ತು, ಕೆಳಗಿನಿಂದ ಮೇಲಕ್ಕೆ ಅನುಮಾನ ಏರಲು ದಾರಿ ಇರಲಿಲ್ಲ. ಏರಲಾರದ ಮಾತು ಅಡ್ಡಡ್ಡವಾಗಿ ಹರಡಿತು.

ತೊಂಬತ್ತು ವರ್ಷಗಳ ಮೇಲೆ, ಅದೇ ಜಿಲ್ಲೆಯ ನರಸಾಪುರದಲ್ಲಿ, ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ನಡೆದುದನ್ನು ಪತ್ರಿಕೆಗಳಲ್ಲಿ ಓದಿದವರು ಮರೆತಿರಲಾರರು. ಗಾಜುಗಳು ಒಡೆದವು, ವಾಹನಗಳು ಉರುಳಿದವು. ಆ ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಅದರ ಹಿಂದೆ ಇದ್ದುದು ಸಂಬಳ ಮತ್ತು ದುಡಿದ ಗಂಟೆಗಳ ಲೆಕ್ಕದ ದೂರು. ಕೆಲಸದ ಗಂಟೆಗಳ ನಿರ್ವಹಣೆ ಸರಿಯಿರಲಿಲ್ಲವೆಂದೂ ಅದರಿಂದ ಅಕ್ಟೋಬರ್, ನವೆಂಬರ್ ತಿಂಗಳ ವೇತನ ಕೆಲವರಿಗೆ ತಡವಾಯಿತೆಂದೂ ಆಪಲ್ ಸಂಸ್ಥೆಯೇ ಒಂದು ವಾರದ ಬಳಿಕ ಹೇಳಿತು. ಜಗತ್ತಿನ ಮೂಲೆಮೂಲೆಯ ಜನ ಮಾತನಾಡಿಕೊಳ್ಳುವ ಸಾಧನವನ್ನು ಜೋಡಿಸುತ್ತಿದ್ದ ಕೈಗಳವು. ಅವುಗಳ ಒಂದು ಸರಳವಾದ ದೂರು ಒಂದು ಕಟ್ಟಡದ ಎರಡು ಮಹಡಿಗಳನ್ನು ದಾಟಿ ಸಕಾಲಕ್ಕೆ ಮೇಲೆ ಹೋಗಲಿಲ್ಲ. ಸಾಧನದ ಕೊರತೆಯಿಂದ ಆದದ್ದು ಇದು ಎಂದು ಹೇಳಲು ಯಾರಿಗಾದರೂ ಬಾಯಿ ಬಂದೀತೇ?

ಇತರರ ಕಥೆಯನ್ನು ಹೇಳಿದ ಮೇಲೆ ನನ್ನದನ್ನೂ ಹೇಳಬೇಕು. 2012ರಲ್ಲಿ ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಗೂ ಇಂಥದೊಂದು ಒಳಜಾಲ ಬಂತು. ದೀಪ ಹಚ್ಚಿ, ಸಿಹಿ ಹಂಚಿ ಉದ್ಘಾಟಿಸಿದರು. ನಾನು ಆಗ ನಿರ್ವಹಣಾ ವಿಭಾಗದ ಕಚೇರಿಯಲ್ಲಿದ್ದೆ. ನಾಲ್ಕು ಸಾಲು ತಪ್ಪಿಲ್ಲದೆ ಬರೆಯುತ್ತೇನೆಂಬ ಕಾರಣಕ್ಕೆ ನಮ್ಮ ವಿಭಾಗದ ಪುಟದ ಮೇಲ್ವಿಚಾರಣೆ ನನಗೆ ಬಿತ್ತು. ಆರಂಭದಲ್ಲಿ ಉತ್ಸಾಹವೋ ಉತ್ಸಾಹ. ಹುಟ್ಟುಹಬ್ಬದ ಶುಭಾಶಯ, ವ್ಯವಸ್ಥಾಪಕರ ಭಾಷಣಕ್ಕೆ ಮೆಚ್ಚುಗೆ, ಆಯುಧಪೂಜೆಯ ಚಿತ್ರಗಳು. ಎಲ್ಲವೂ ಇಂಗ್ಲಿಷಿನಲ್ಲಿ. ಯಂತ್ರದ ಮರ್ಮವನ್ನು ಚೆನ್ನಾಗಿ ಬಲ್ಲವರಲ್ಲಿ ಅರ್ಧ ಜನ ಆ ಕಾರಣದಿಂದಲೇ ಹೊರಗುಳಿದಿದ್ದರು ಎಂಬುದು ನಮಗೆ ಆಗ ಹೊಳೆಯಲಿಲ್ಲ.

ಒಂದು ದಿನ ಗುತ್ತಿಗೆಯ ಮೇಲೆ ಬಂದಿದ್ದ ಒಬ್ಬ ಹುಡುಗ, ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಒಂದು ಪ್ರೆಸ್ಸಿನ ಮುಂದಿನ ರಕ್ಷಣೆಯ ಬಾಗಿಲು ತೆರೆದಿದ್ದಾಗಲೂ ಯಂತ್ರ ಕೆಳಗಿಳಿಯುತ್ತದೆ, ದಯವಿಟ್ಟು ನೋಡಿ ಎಂದು ಹಾಕಿದ. ಹತ್ತು ನಿಮಿಷಕ್ಕೆ ನನ್ನ ಮೇಜಿನ ಫೋನು ಬಡಿಯಿತು. ನನ್ನ ಮೇಲಿನ ಅಧಿಕಾರಿ ಕೆಟ್ಟವರಲ್ಲ. "ಬರುವ ವಾರ ಗಿರಾಕಿ ಕಂಪನಿಯವರು ಬರುತ್ತಾರೆ. ಎಲ್ಲರ ಕಣ್ಣಿಗೂ ಇದು ಬೀಳುವುದು ಬೇಡ. ತೆಗೆದುಬಿಡಿ; ನಾನು ನೋಡಿಕೊಳ್ಳುತ್ತೇನೆ" ಎಂದರು. ಆ ಸಾಲುಗಳನ್ನು ಅಳಿಸಿದ ಕೈ ನನ್ನದು. ಹುಡುಗನನ್ನು ಕರೆದು, ಇಂಥದನ್ನು ಬಾಯಲ್ಲಿ ಹೇಳಬೇಕಪ್ಪ ಎಂದು ಬುದ್ಧಿ ಹೇಳಿದ ನಾಲಿಗೆಯೂ ನನ್ನದೇ. ಅಧಿಕಾರಿಗೆ ಹತ್ತು ಕೆಲಸ, ಮರೆತರು. ನಾನೂ ಜ್ಞಾಪಿಸಲಿಲ್ಲ. ಒಂದೂವರೆ ತಿಂಗಳ ಮೇಲೆ ರಾತ್ರಿಯ ಪಾಳಿಯಲ್ಲಿ ಅದೇ ಪ್ರೆಸ್ಸಿನಲ್ಲಿ ಇನ್ನೊಬ್ಬ ಕೆಲಸಗಾರನ ಎರಡು ಬೆರಳು ಹೋದವು. ಆಸ್ಪತ್ರೆಯ ಪಡಸಾಲೆಯಲ್ಲಿ ಆ ಹುಡುಗ ಎದುರಾದ. ಸಿಟ್ಟಿರಲಿಲ್ಲ ಅವನ ಮುಖದಲ್ಲಿ. "ಸಾರ್, ನಾನು ಬರೆದಿದ್ದೆ ಅಲ್ವಾ?" ಎಂದ.

ಆ ಬಳಿಕ ನಮ್ಮ ಪುಟದಲ್ಲಿ ಹುಟ್ಟುಹಬ್ಬಗಳು ಮಾತ್ರ ಉಳಿದವು. ನಿಜವಾದ ಮಾತು ಕೆಲಸಗಾರರ ಖಾಸಗಿ ವಾಟ್ಸಾಪ್ ಗುಂಪಿಗೆ ಹೋಯಿತು. ಅಲ್ಲಿ ನಮ್ಮಂಥವರಿಗೆ ಪ್ರವೇಶವಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಆಡಳಿತ ಮಾತ್ರ ವರ್ಷದ ಕೊನೆಗೆ, ಎಷ್ಟು ಸಂದೇಶಗಳು, ಎಷ್ಟು ಮೆಚ್ಚುಗೆಗಳು ಎಂದು ಎಣಿಸಿ, ಜಾಲ ಯಶಸ್ವಿಯಾಗಿದೆಯೆಂದು ವರದಿ ಬರೆಯಿತು. ಆ ವರದಿಯ ಕರಡನ್ನೂ ನಾನೇ ತಯಾರಿಸಿದೆ.

ಆ ದಿನಗಳಲ್ಲಿ ನನಗೆ ನಮ್ಮ ತಂದೆಯವರ ನೆನಪು ಬಹಳವಾಗಿ ಕಾಡಿತು. ಅವರು ಗಣಿಯಲ್ಲಿ ವೈಂಡಿಂಗ್ ಎಂಜಿನ್ ನಡೆಸುತ್ತಿದ್ದರು. ಜನರನ್ನು ಹೊತ್ತ ಕೇಜನ್ನು ಉಕ್ಕಿನ ಹಗ್ಗದಲ್ಲಿ ಶಾಫ್ಟಿನೊಳಕ್ಕೆ ಇಳಿಸುವುದು, ಎತ್ತುವುದು ಅವರ ಕೆಲಸ. ಎಂಜಿನ್ ಮನೆಯಲ್ಲಿ ಕುಳಿತವನಿಗೆ ಕೆಳಗೆ ಏನಾಗುತ್ತಿದೆಯೆಂಬುದು ಕಾಣುವುದಿಲ್ಲ. ಅವನಿಗೆ ಇರುವುದು ಗಂಟೆಯ ಸದ್ದೊಂದೇ. ಎಷ್ಟು ಬಡಿತಕ್ಕೆ ಎತ್ತಬೇಕು, ಎಷ್ಟಕ್ಕೆ ಇಳಿಸಬೇಕು, ಜನ ಹತ್ತಿದ್ದಾರೆಂಬುದಕ್ಕೆ ಎಷ್ಟು ಎಂದು ಬರೆದ ಹಲಗೆ ಎದುರಿಗೇ ತೂಗುತ್ತಿತ್ತು. ನಾನು ಹುಡುಗನಾಗಿದ್ದಾಗ ಒಮ್ಮೆ ಕೇಳಿದ್ದೆ: "ಅಪ್ಪಾ, ಕೆಳಗಿನವರು ಸುಮ್ಮಸುಮ್ಮನೆ ನಿಲ್ಲಿಸು ಅಂತ ಗಂಟೆ ಹೊಡೆದರೆ?" ಅವರು ಹೇಳಿದರು: "ನಿಲ್ಲಿಸು ಅಂದರೆ ನಿಲ್ಲಿಸೋದು ಕಣೋ. ಯಾರು ಹೊಡೆದರು, ಯಾಕೆ ಹೊಡೆದರು ಅನ್ನೋದು ಆಮೇಲಿನ ಮಾತು. ಮೊದಲು ಕಾರಣ ಕೇಳೋಕೆ ಹೋದರೆ, ಇನ್ನೊಂದು ಸಲ ಹೊಡೆಯೋಕೆ ಅವನಿರೋದಿಲ್ಲ."

ಉದ್ಯಮವೊಂದು ಸಾಮಾಜಿಕ ಜಾಲವನ್ನು ತನ್ನದಾಗಿಸಿಕೊಳ್ಳುವಾಗ ಅನುಸರಿಸಬೇಕಾದ ಮೊದಲ ನಿಯಮ ಈ ಮಾತಿನಲ್ಲೇ ಇದೆಯೆಂದು ನನಗೆ ತೋರುತ್ತದೆ. ಕೆಳಗಿನಿಂದ ಬರುವ ಎಚ್ಚರಿಕೆಗೆ ಮೊದಲು ಉತ್ತರ, ಆಮೇಲೆ ವಿಚಾರಣೆ. ಬರೆದ ದೂರನ್ನು ಬರೆದವನಿಗೆ ಕಾರಣ ಹೇಳದೆ ಅಳಿಸಬಾರದು. ದೂರು ಪರಿಹಾರವಾದಾಗ ಪರಿಹಾರವೂ ಅದರ ಕೆಳಗೇ ಎಲ್ಲರಿಗೂ ಕಾಣಬೇಕು. ಮೇಲಿನವರು ಬರಿಯ ಶುಭಾಶಯ ಕೋರುವವರಾಗದೆ, ವಾರಕ್ಕೊಂದಾದರೂ ಕಷ್ಟದ ಪ್ರಶ್ನೆಗೆ ತಮ್ಮ ಹೆಸರಿನಲ್ಲಿ ಉತ್ತರ ಬರೆಯಬೇಕು. ಜಾಲವನ್ನು ಇಡೀ ಸಂಸ್ಥೆಯ ಮೇಲೆ ಒಂದೇ ದಿನ ಹೊದಿಸುವ ಬದಲು, ಜನರಿಗೆ ನಿಜವಾಗಿ ತೊಡಕಾಗಿರುವ ಒಂದು ಕೆಲಸದಿಂದ ಆರಂಭಿಸುವುದು ಮೇಲು: ಕೆಟ್ಟ ಯಂತ್ರಗಳ ದುರಸ್ತಿ, ಒಂದು ಪಾಳಿ ಇನ್ನೊಂದು ಪಾಳಿಗೆ ಕೆಲಸ ಒಪ್ಪಿಸುವುದು, ಸಂಬಳದ ಲೆಕ್ಕದ ಸಂಶಯ. ಕೆಲಸಗಾರ ಮಾತನಾಡುವ ಭಾಷೆಯಲ್ಲಿ ಬರೆಯುವ ಸ್ವಾತಂತ್ರ್ಯ ಬೇಕು. ಗುತ್ತಿಗೆಯವನಿಗೂ ಒಳಗೆ ಜಾಗ ಬೇಕು. ಯಾವುದು ದಾಖಲಾಗುತ್ತದೆ, ಅದನ್ನು ಯಾರು ನೋಡಬಲ್ಲರು ಎಂಬುದನ್ನು ಮೊದಲೇ ತಿಳಿಸಬೇಕು. ಸಂದೇಶಗಳನ್ನು ಎಣಿಸುವ ಚಪಲವನ್ನು ಬಿಟ್ಟು, ಯಾವ ಸಂದೇಶದಿಂದ ಯಾವ ಕೆಲಸ ಸರಿಹೋಯಿತು ಎಂಬುದನ್ನು ಕೇಳಬೇಕು.

ಕೊನೆಯದಾಗಿ, ವಿರಾಮದ ಮಾತು. ಗಣಿಯ ಕೆಲಸ ಕಷ್ಟದ್ದೇ. ಆದರೆ ಸೈರನ್ನು ಕೂಗಿ, ಕೇಜು ಮೇಲೆ ಬಂದ ಮೇಲೆ ಆ ದಿನದ ಮಟ್ಟಿಗೆ ಅದು ಮುಗಿಯುತ್ತಿತ್ತು. ಗಣಿ ಮನೆಯ ತನಕ ಹಿಂಬಾಲಿಸಿ ಬರುತ್ತಿರಲಿಲ್ಲ. ಕೈಯಲ್ಲಿರುವ ಈ ಜಾಲಕ್ಕೆ ಸೈರನ್ನಿಲ್ಲ. ಫ್ರಾನ್ಸ್ ದೇಶದಲ್ಲಿ 2017ರ ಜನವರಿಯಿಂದ, ಕೆಲಸದ ವೇಳೆ ಮುಗಿದ ಮೇಲೆ ಸಂಪರ್ಕದಿಂದ ಬಿಡುಗಡೆ ಪಡೆಯುವ ಹಕ್ಕಿನ ಬಗ್ಗೆ ದೊಡ್ಡ ಸಂಸ್ಥೆಗಳು ನೌಕರರೊಡನೆ ಮಾತುಕತೆ ನಡೆಸಬೇಕೆಂಬ ಕಾನೂನು ಜಾರಿಗೆ ಬಂದಿದೆ. ಕಾನೂನಿಗೆ ಕಾಯದೆ, ರಾತ್ರಿ ಇಷ್ಟು ಗಂಟೆಯ ಮೇಲೆ ತೀರ ಅಪಾಯದ ಸುದ್ದಿಯ ಹೊರತು ಬೇರೇನೂ ಬೇಡವೆಂದು ಗೊತ್ತುಮಾಡಿಕೊಳ್ಳುವುದು ಯಾವ ಸಂಸ್ಥೆಗೂ ಅಸಾಧ್ಯವಲ್ಲ. ಎಲ್ಲ ಹೊತ್ತಿನಲ್ಲೂ ಬಾರಿಸುವ ಗಂಟೆಯನ್ನು ಕೊನೆಗೆ ಯಾರೂ ಕೇಳುವುದಿಲ್ಲ.

2001ರ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಿದವು. ನಮ್ಮ ತಂದೆಯವರ ಆ ಗಂಟೆಯೂ ಮೌನವಾಯಿತು. ಗಣಿಗೆ ಇಳಿಯುತ್ತಿದ್ದವರ ಮಕ್ಕಳೂ ಮೊಮ್ಮಕ್ಕಳೂ ಈಗ ದಿನಾ ಬೆಳಿಗ್ಗೆ ಈ ರೈಲನ್ನು ಹತ್ತುತ್ತಾರೆ. ಅವರ ಕೇಜು ಇದು. ಅವರ ಗಂಟೆ ಕೈಯಲ್ಲಿರುವ ಆ ಫೋನು.

ವೈಟ್‌ಫೀಲ್ಡ್ ಹತ್ತಿರ ಬಂದಾಗ ಇಳಿಯಲು ಎದ್ದ ಹುಡುಗಿಯನ್ನು ಕೇಳಿದೆ: "ನಿಮ್ಮ ಆ ಗ್ರೂಪಿನಲ್ಲಿ, ಇದು ಸರಿಯಿಲ್ಲ, ನಿಲ್ಲಿಸಿ ಅಂತ ನೀನು ಬರೆಯಬಹುದೇನಮ್ಮ?" ಅವಳು ಚೀಲವನ್ನು ಹೆಗಲಿಗೇರಿಸಿಕೊಳ್ಳುತ್ತ ಸ್ವಲ್ಪ ಯೋಚಿಸಿದಳು. "ಬರೆಯಬಹುದು ಅಂಕಲ್" ಎಂದಳು. "ಆದರೆ ಬರೆದದ್ದು ಯಾರು ಅಂತ ಮೊದಲು ಕೇಳ್ತಾರೆ."

(ಬಾನುಲಿ ಭಾಷಣ)